ಕಟಾನದಲ್ಲಿ ಯಾರೂ ನೋಡದ ಆ ತಾಮ್ರದ ತುಂಡು

ಜಪಾನಿ ಕತ್ತಿಗಳ ಹುಚ್ಚು ನಂಗೆ ಹತ್ತಿದ್ದು ಎಲ್ಲರ ಥರ ಬ್ಲೇಡಿಂದಾನೇ. ಆಮೇಲೆ ತ್ಸುಬಾ ಕಡೆ ತಿರುಗಿದೆ, ಅಂದ್ರೆ ಹಿಡಿಗೂ ಬ್ಲೇಡಿಗೂ ಮಧ್ಯ ಇರೋ ಆ ತಟ್ಟೆ. ಈಗ ಕೆಲವು ತಿಂಗಳಿಂದ ತಲೆ ತಿಂತಿರೋದು ಹಬಾಕಿ ಅನ್ನೋ ಸಣ್ಣ ಪೀಸು. ಫೋಟೋಗಳಲ್ಲಿ ನೋಡಿರ್ತೀರ, ಬ್ಲೇಡಿನ ಬುಡಕ್ಕೆ ಪಟ್ಟಿ ಸುತ್ತಿದ ಹಾಗೆ ಇರತ್ತಲ್ಲ, ಅದೇ. ಜಾಸ್ತಿ ತಾಮ್ರದ್ದು, ಕೆಲವಕ್ಕೆ ಮೇಲೆ ಬೆಳ್ಳಿದೋ ಚಿನ್ನದ್ದೋ ತಗಡು ಹೊದಿಸಿರ್ತಾರೆ.

ಇದರ ಕೆಲಸ ಏನು ಗೊತ್ತಾ? ಒರೆ ಒಳಗೆ ಬ್ಲೇಡು ಮರಕ್ಕೆ ತಾಗಲೇಬಾರದು, ತಾಗಿದ್ರೆ ಪಾಲಿಶ್ ಗೀರು ಬೀಳತ್ತೆ, ತೇವ ಹಿಡಿದು ತುಕ್ಕೂ ಬರಬಹುದು. ಹಬಾಕಿ ಬೆಣೆ ಥರ ಇರೋದ್ರಿಂದ ಒರೆಯ ಬಾಯಲ್ಲಿ ಬಿಗಿಯಾಗಿ ಕೂತ್ಕೊಳ್ಳತ್ತೆ, ಉಳಿದ ಬ್ಲೇಡು ಗಾಳೀಲಿ ತೂಗಾಡ್ಕೊಂಡಿರತ್ತೆ ಅಷ್ಟೇ, ಕತ್ತಿ ತಲೆಕೆಳಗಾದ್ರೂ ಜಾರಿ ಬೀಳಲ್ಲ. ಅದಕ್ಕೇ ಕತ್ತಿ ಎಳೆಯೋಕೆ ಮುಂಚೆ ಹೆಬ್ಬೆರಳಲ್ಲಿ ತ್ಸುಬಾನ ಸ್ವಲ್ಪ ಮುಂದೆ ತಳ್ಳೋದು, ಸ್ಟೈಲಿಗಲ್ಲ ಮಾರಾಯ್ರೇ, ಆ ಬಿಗಿ ಬಿಡಿಸೋಕೆ! ಒರೆಯ ಬಾಯಿಗೆ ಕೊಯಿಗುಚಿ ಅಂತಾರೆ, ಕಾರ್ಪ್ ಮೀನಿನ ಬಾಯಿ ಅಂತ ಅರ್ಥ, ಎದುರಿಂದ ನೋಡಿದ್ರೆ ಹಂಗೇ ಕಾಣತ್ತೆ. ರೆಡಿಮೇಡ್ ಹಬಾಕಿ ತಂದು ಸಿಕ್ಕಿಸಿದ್ರೆ ಸರಿಯಾಗಿ ಕೂರಲ್ಲ, ಒಂದೊಂದು ಬ್ಲೇಡಿಗೂ ಅದರ ಅಳತೆಗೇ ಬಡಿದು ಮಾಡ್ಬೇಕು, ಅದಕ್ಕೇ ಬೇರೆ ಕಸುಬುದಾರರು ಇದ್ದಾರೆ, ಶಿರೊಗಾನೆಶಿ ಅಂತ.

ಹಬಾಕಿ ಆದ್ಮೇಲೆ ಸೆಪ್ಪಾ. ವಾಷರ್ ಅಂದ್ಕೊಳ್ಳಿ, ತ್ಸುಬಾದ ಆ ಕಡೆ ಒಂದು ಈ ಕಡೆ ಒಂದು. ಹಿಡಿ ಸ್ವಲ್ಪ ಲೂಸಾದ್ರೆ ದಪ್ಪದ್ದು ಹಾಕೋದು. ಜಪಾನಿ ಭಾಷೇಲಿ ಯಾವ ಕಡೆಗೂ ಅಲ್ಲಾಡಕ್ಕಾಗದೆ ಸಿಕ್ಕಿಹಾಕ್ಕೊಂಡ್ರೆ 'ಸೆಪ್ಪಾ ತ್ಸುಮಾರು' ಅಂತಾರಂತೆ, ಆ ಮಾತು ಬಂದಿದ್ದು ಈ ವಾಷರಿಂದ್ಲೇ ಅಂತ ಹೇಳ್ತಾರೆ.

ತ್ಸುಬಾ ಇರೋದು ಎದುರಾಳಿ ಏಟು ತಡೆಯೋಕೆ ಅಂತ ನಾನೂ ಅಂದ್ಕೊಂಡಿದ್ದೆ. ಅದೂ ಇದೆ, ಆದ್ರೆ ಚುಚ್ಚೋವಾಗ ನಮ್ಮ ಕೈ ಜಾರಿ ನಮ್ಮ ಬ್ಲೇಡಿನ ಮೇಲೇ ಹೋಗದ ಹಾಗೆ ನೋಡ್ಕೊಳ್ಳೋದು ದೊಡ್ಡ ಕೆಲಸ, ಜೊತೆಗೆ ಅದರ ತೂಕದಿಂದ ಕತ್ತಿ ಬ್ಯಾಲೆನ್ಸೂ ಬದಲಾಗತ್ತೆ. ನಡುವಿನ ತೂತಿನ ಅಕ್ಕಪಕ್ಕ ಇನ್ನೊಂದೆರಡು ತೂತು ಇರತ್ತೆ ಕೆಲವಕ್ಕೆ, ಒರೆಗೆ ಸಿಕ್ಕಿಸಿದ ಸಣ್ಣ ಚಾಕು ಮತ್ತೆ ಕೂದಲು ಸರಿಮಾಡೋ ಕಡ್ಡಿ ಹೊರಗೆ ಬರೋಕೆ. ಯುದ್ಧಕ್ಕೆ ಹೋಗೋನು ಕೂದಲು ಕಡ್ಡಿ ಇಟ್ಕೊಂಡು ಹೋಗ್ತಿದ್ನಲ್ಲ, ನಂಗೆ ಅದೇ ಖುಷಿ.

ಅಲಂಕಾರದ ವಿಷಯಕ್ಕೆ ಬಂದ್ರೆ ಶಾಕುದೋ ಬಗ್ಗೆ ಹೇಳ್ಲೇಬೇಕು. ತಾಮ್ರಕ್ಕೆ ನೂರಕ್ಕೆ ನಾಲ್ಕೈದು ಭಾಗ ಚಿನ್ನ ಬೆರೆಸಿದ ಲೋಹ, ಸುಮ್ನೆ ನೋಡಿದ್ರೆ ತಾಮ್ರದ ಥರಾನೇ. ತುರಿದ ಮೂಲಂಗಿ ಹಚ್ಚಿ, ತಾಮ್ರದ ಉಪ್ಪುಗಳಿರೋ ನೀರಲ್ಲಿ ಕುದಿಸಿದ್ರೆ ಕಾಗೆ ರೆಕ್ಕೆ ಥರ ನೀಲಿಗಪ್ಪು ಬಣ್ಣ ಬರತ್ತೆ. ಬಣ್ಣ ಬಳಿದಿದ್ದಲ್ಲ, ಲೋಹದ ಮೈಯೇ ಹಂಗಾಗತ್ತೆ. 15ನೇ ಶತಮಾನದಲ್ಲಿ ಗೊತೋ ಯೂಜೋ ಶುರುಮಾಡಿದ ಮನೆತನ ಇದರಲ್ಲಿ 17 ತಲೆಮಾರು ಕೆಲಸ ಮಾಡ್ತು. ಅವರ ನಾನಾಕೊ ಕೆಲಸ ನೋಡ್ಬೇಕು, ಮೀನಿನ ಮೊಟ್ಟೆ ಥರ ಸಣ್ಣ ಸಣ್ಣ ಗುಂಡು, ಒಂದೊಂದೂ ಕೈಯಲ್ಲಿ ಉಳಿ ಬಡಿದು ಸಾಲುಸಾಲಾಗಿ ಮೂಡಿಸಿದ್ದು, ಒಂದು ತಪ್ಪಿದ್ರೂ ಕಣ್ಣಿಗೆ ಹೊಡಿಯತ್ತೆ.

1876ರಲ್ಲಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಕಟ್ಕೊಂಡು ಓಡಾಡೋದನ್ನೇ ನಿಷೇಧ ಮಾಡ್ತು, ಪೊಲೀಸು ಮಿಲಿಟರಿಯಂಥೋರನ್ನ ಬಿಟ್ಟು. ಈ ಕಸುಬಿನೋರಿಗೆ ಹೊಟ್ಟೆ ಮೇಲೆ ಹೊಡೆದ ಹಾಗಾಯ್ತು, ತುಂಬಾ ಜನ ಹೂದಾನಿ, ಆಭರಣ ಮಾಡೋಕೆ ಹೋದ್ರು. ಕಾನೋ ನತ್ಸುವೊ ಅನ್ನೋ ತ್ಸುಬಾ ಕಲಾವಿದ ಮಾತ್ರ ಅದಕ್ಕೂ ಮುಂಚೇನೇ ಹೊಸ ಯೆನ್ ನಾಣ್ಯಗಳಿಗೆ ಡ್ರ್ಯಾಗನ್ ಕೆತ್ತೋ ಕೆಲಸಕ್ಕೆ ಸೇರ್ಕೊಂಡಿದ್ದ.

ಅಂದಹಾಗೆ ಇಷ್ಟೆಲ್ಲಾ ಚಿನ್ನ ತಾಮ್ರ ಕಬ್ಬಿಣನ ಹಿಡಿದಿಟ್ಟಿರೋದು ಒಂದು ಬಿದಿರಿನ ಕಡ್ಡಿ, ಮೆಕುಗಿ ಅಂತ. ಸ್ಕ್ರೂ ಇಲ್ಲ, ಬೆಸುಗೆ ಇಲ್ಲ. ಕಡ್ಡಿ ತಳ್ಳಿ ತೆಗೆದ್ರೆ ಹಿಡಿ, ಸೆಪ್ಪಾ, ತ್ಸುಬಾ, ಹಬಾಕಿ ಎಲ್ಲ ಒಂದರ ಹಿಂದೆ ಒಂದು ಕಳಚ್ಕೊಂಡು ಬರತ್ತೆ. ಕತ್ತಿ ಅಭ್ಯಾಸ ಮಾಡೋರು ಒರೆಯಿಂದ ಎಳೆಯೋಕೆ ಮುಂಚೆ ಈ ಕಡ್ಡಿ ಗಟ್ಟಿ ಇದ್ಯಾ ಅಂತ ನೋಡ್ಕೊಳ್ಳೋದು ಅದಕ್ಕೇ.