ದೊಡ್ಡಪ್ಪ ಮಾತ್ರೆ ನುಂಗುವವರೇ ಅಲ್ಲ, ಆದರೂ ಮದ್ದು ಹಿಡಿಯಲಿಲ್ಲ

ಹೊಸನಗರ ಕಡೆಯ ನಮ್ಮ ದೊಡ್ಡಪ್ಪನಿಗೆ ಸೊಂಟದ ಮೂಳೆಯ ಆಪರೇಷನ್ ಆಗಿತ್ತು. ವಾರ್ಡಿನಲ್ಲಿದ್ದಾಗಲೇ ನಡುಕ, ಜ್ವರ. ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಅದು ಯಾವ ಮದ್ದಿಗೆ ಸಾಯುತ್ತದೆ ಎಂದು ನೋಡುವ ಕಲ್ಚರ್ ರಿಪೋರ್ಟ್ ಬಂದಾಗ ಅದರಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಹೆಸರು, ಕೆಳಗೆ ಆ್ಯಂಟಿಬಯಾಟಿಕ್‌ಗಳ ಉದ್ದ ಪಟ್ಟಿ, ಹೆಚ್ಚುಕಡಿಮೆ ಎಲ್ಲದರ ಮುಂದೆಯೂ 'ಆರ್'. ರೆಸಿಸ್ಟೆಂಟ್, ಅಂದರೆ ಆ ಮದ್ದಿಗೆ ಅದು ಸಾಯುವುದಿಲ್ಲ.

ನೋಡಲು ಬಂದವರೆಲ್ಲ "ಮಾತ್ರೆ ತಿಂದು ತಿಂದು ಮೈ ಒಗ್ಗಿಹೋಗಿದೆ" ಎಂದರು. ದೊಡ್ಡಪ್ಪ ಜ್ವರ ಬಂದರೆ ಕಾಳುಮೆಣಸಿನ ಕಷಾಯ ಕುಡಿದು ತೋಟಕ್ಕೆ ಹೋಗುವವರು! ಒಗ್ಗಿದ್ದು ಅವರ ಮೈ ಅಲ್ಲ, ಬ್ಯಾಕ್ಟೀರಿಯಾ. ಇನ್ಯಾರದ್ದೋ ಮೈಯಲ್ಲಿ ಒಗ್ಗಿಕೊಂಡದ್ದು ಆಸ್ಪತ್ರೆಯಲ್ಲಿ ಕೈಯಿಂದಲೋ ಮಂಚದ ಸರಳಿನಿಂದಲೋ ಮೂತ್ರದ ಪೈಪಿನಿಂದಲೋ ಮತ್ತೊಬ್ಬರಿಗೆ ದಾಟುತ್ತದೆ.

ಸಾಲದ್ದಕ್ಕೆ ಇವು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ, ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಕೊಡುತ್ತವೆ, ನಾವು ಅಕ್ಕಪಕ್ಕದ ತೋಟಕ್ಕೆ ಮೆಣಸಿನ ಬಳ್ಳಿ ಕೊಟ್ಟ ಹಾಗೆ. ಮದ್ದನ್ನೇ ಒಡೆದುಹಾಕುವ ಕಿಣ್ವದ ಜೀನ್ ಆ ಉಂಗುರದಲ್ಲಿರುತ್ತದೆ. ಎನ್‌ಡಿಎಂ-1 ಅಂಥದ್ದೇ ಒಂದು ಕಿಣ್ವ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಪತ್ತೆಯಾಯಿತು, ಅದೂ ಕ್ಲೆಬ್ಸಿಯೆಲ್ಲಾದಲ್ಲೇ. ಮೆರೋಪೆನೆಮ್‌ನಂಥ ದೊಡ್ಡ ಇಂಜೆಕ್ಷನ್ ಕೂಡ ಅದರ ಮುಂದೆ ಸೋಲುತ್ತದೆ. ಆಗ ಉಳಿಯುವ ಕೆಲವೇ ಮದ್ದುಗಳಲ್ಲಿ ಒಂದು ಕೊಲಿಸ್ಟಿನ್. ಕಿಡ್ನಿಗೆ ಪೆಟ್ಟು ಎಂದು ಡಾಕ್ಟರುಗಳು ಹಿಂದೆ ಬದಿಗಿಟ್ಟಿದ್ದ ಹಳೇ ಮದ್ದು. ದೊಡ್ಡಪ್ಪನಿಗೆ ಅದನ್ನೇ ಕೊಟ್ಟರು. ಜ್ವರ ಇಳಿಯಿತಾ ಎಂದು ನೋಡುವುದರ ಜೊತೆಗೆ ಕಿಡ್ನಿ ಹೇಗಿದೆ ಎಂದು ತಿಳಿಯಲು ದಿನಾ ರಕ್ತದ ಕ್ರಿಯಾಟಿನಿನ್ ಎಷ್ಟು ಎಂದು ಕೇಳುವ ಸಂಕಟ ಬೇರೆ. ಹುಷಾರಾದರು, ಆದರೆ ತುಂಬಾ ಸೊರಗಿಹೋದರು.

2019ರಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂದು ಅಂದಾಜು.

ನಮ್ಮೂರ ಕಡೆ ಜ್ವರ ಎಂದರೆ ಮೆಡಿಕಲ್ ಶಾಪಿಗೆ ಹೋಗಿ "ಒಂದು ಸ್ಟ್ರಾಂಗ್ ಮಾತ್ರೆ ಕೊಡಿ" ಎನ್ನುವುದು ಇನ್ನೂ ನಿಂತಿಲ್ಲ. ಹಲವು ಆ್ಯಂಟಿಬಯಾಟಿಕ್‌ಗಳನ್ನು 2014ರಿಂದಲೇ ಶೆಡ್ಯೂಲ್ ಎಚ್1 ಪಟ್ಟಿಗೆ ಸೇರಿಸಿದ್ದಾರೆ, ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಮಾರಿದ್ದನ್ನು ಬರೆದಿಡಬೇಕು. ಜ್ವರವೆಲ್ಲ ಒಂದೇ ಅಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ವೈರಸ್ಸಿನದು, ಅದಕ್ಕೆ ಆ್ಯಂಟಿಬಯಾಟಿಕ್ ನಾಟುವುದೇ ಇಲ್ಲ. ಇಲಿಜ್ವರ ಬ್ಯಾಕ್ಟೀರಿಯಾದ್ದು, ಅದಕ್ಕೆ ಬೇಕೇ ಬೇಕು. ಯಾವುದು ಯಾವುದು ಎಂದು ಕೌಂಟರಿನಲ್ಲಿ ನಿಂತು ಹೇಗೆ ಗೊತ್ತಾಗುತ್ತದೆ, ಅಲ್ವಾ?

ನಿಮ್ಮವರು ವಾರ್ಡಿನಲ್ಲಿದ್ದರೆ ಮೂತ್ರದ ಪೈಪ್ ಇನ್ನೂ ಬೇಕಾ ಎಂದು ದಿನಾ ಡಾಕ್ಟರನ್ನು ಕೇಳಿ. ಅದು ಒಳಗಿದ್ದಷ್ಟು ದಿನವೂ ಸೋಂಕಿನ ಭಯ ಜಾಸ್ತಿ. ಮಂಚ ಮುಟ್ಟುವ ಮೊದಲೂ ಆಮೇಲೂ ಕೈ ತೊಳೆಯಿರಿ, ನೋಡಲು ಬಂದ ನೆಂಟರಿಗೂ ಮುಲಾಜಿಲ್ಲದೆ ಹೇಳಿ. ಸಾಗರದಿಂದ ಶಿವಮೊಗ್ಗಕ್ಕೆ, ಅಲ್ಲಿಂದ ಮಣಿಪಾಲಕ್ಕೆ ಕಳಿಸಿದರೆ ಫೈಲಿನಲ್ಲಿ ಕಲ್ಚರ್ ರಿಪೋರ್ಟ್ ಇದೆಯಾ ನೋಡಿಕೊಳ್ಳಿ. ಹೊಸದಾಗಿ ಮಾಡಿಸಿದರೆ ಫಲಿತಾಂಶಕ್ಕೆ ಮತ್ತೆ ಎರಡು ಮೂರು ದಿನ ಕಾಯಬೇಕು, ಅಲ್ಲಿಯವರೆಗೆ ಡಾಕ್ಟರು ಅಂದಾಜಿನ ಮೇಲೆಯೇ ಮದ್ದು ಕೊಡಬೇಕಾಗುತ್ತದೆ.