ಮಾಗಿಯ ಚಳಿಯಲ್ಲಿ ಸೌತೆ: ಬೆಳಗಿನ ಜಾವದ ಲೆಕ್ಕ ಕೊನೆಗೂ ಹೊಂದಿತು

ಧನುರ್ಮಾಸದ ನಡುವೆ ನನ್ನ ಸೌತೆಬಳ್ಳಿ ಹೊಸ ಎಲೆ ಬಿಡುತ್ತಿದೆ! ಗಿಣ್ಣು ಗಿಣ್ಣಿಗೂ ಹೀಚು ಕೂತಿದೆ, ಪಕ್ಕದ ಬೆಂಡೆಯ ಕುಡಿ ಎದ್ದು ನಿಂತಿದೆ. ಯಲಹಂಕದ ಆಚೆ, ಬಯಲುಗಾಳಿಗೆ ಮೈಯೊಡ್ಡಿರುವ ತಾರಸಿಯ ಮೇಲೆ ಇದು ಸಣ್ಣ ಸಂಗತಿಯಲ್ಲ. ಕಳೆದ ವರ್ಷ ಇದೇ ಹೊತ್ತಿಗೆ ಸೌತೆಯ ಎಲೆಗಳು ಅಂಗೈ ಅಗಲಕ್ಕೇ ನಿಂತುಬಿಟ್ಟಿದ್ದವು. ಹೀಚುಗಳು ಬೆರಳುದ್ದ ಆಗುವ ಮೊದಲೇ ತುದಿಯಿಂದ ಹಳದಿ ತಿರುಗಿ ಉದುರುತ್ತಿದ್ದವು.

ಬೆಂಗಳೂರಿನಲ್ಲಿ ಅಂಥ ಚಳಿ ಎಲ್ಲಿದೆ ಎಂದು ಕೇಳುವವರು ಮಧ್ಯಾಹ್ನದ 27 ಡಿಗ್ರಿ ನೋಡಿ ಕೇಳುತ್ತಾರೆ. ಬಳ್ಳಿ ಬದುಕುವುದು ಬೆಳಗಿನ ಜಾವ ಐದೂವರೆಯ ಲೆಕ್ಕದಲ್ಲಿ. 1884ರ ಜನವರಿ 13ರಂದು ಈ ಊರಿನಲ್ಲಿ 7.8 ಡಿಗ್ರಿ ದಾಖಲಾಗಿತ್ತು. ಈಗ ಅಷ್ಟು ಇಳಿಯುವುದಿಲ್ಲ, ನಿಜ. ಆದರೆ ಸೌತೆ, ಬೆಂಡೆ, ಹೀರೆಗಳನ್ನು ಕಟ್ಟಿಹಾಕಲು 13 ಡಿಗ್ರಿಯೇ ಸಾಕು. ರಾತ್ರಿ 15ರ ಕೆಳಗೆ ಇಳಿಯುತ್ತಾ ಹೋದರೆ ಅವುಗಳ ಬೆಳವಣಿಗೆ ಹೆಚ್ಚುಕಡಿಮೆ ನಿಂತಂತೆಯೇ. ನೆಲದ ಗಿಡಕ್ಕಿಂತ ಗ್ರೋ ಬ್ಯಾಗಿನ ಗಿಡಕ್ಕೆ ಕಷ್ಟ ಹೆಚ್ಚು. ಚೀಲದ ಮಣ್ಣಿಗೆ ಸುತ್ತಲಿಂದಲೂ ಗಾಳಿ ತಾಗುತ್ತದೆ, ಬೇರು ತಣ್ಣಗಾಗುತ್ತದೆ, ಎಲೆಗೆ ಬಿಸಿಲಿದ್ದರೂ ಬೇರು ನೀರು ಎಳೆಯುವುದಿಲ್ಲ.

ಮಣ್ಣಿನ ಮಿಶ್ರಣ, ಸಸಿ ಮಾಡುವುದು, ಚಪ್ಪರ ಕಟ್ಟುವುದು ಎಲ್ಲ ನಿಮಗೆ ಗೊತ್ತಿರುವುದೇ. ಈ ಸಲ ಹಾಕಿದ್ದು ಪರಾಗವಿಲ್ಲದೆಯೇ ಕಾಯಿ ಕಟ್ಟುವ, ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳಲ್ಲಿ ಬೆಳೆಯುವ ಪಾಲಿಹೌಸ್ ಸೌತೆ, ಬೆಂಡೆಯಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ. ಎರಡೂ ಜೇನಿಗಾಗಿ ಕಾಯುವುದಿಲ್ಲ ಎಂಬುದೇ ಆಯ್ಕೆಗೆ ಕಾರಣ. ಬೆಂಡೆ ಬೀಜಕ್ಕೆ ತಣ್ಣನೆಯ ಮಣ್ಣು ಆಗದು. ಮೊಳಕೆ ಬರುವ ತನಕ ಟ್ರೇಯನ್ನು ಅಡುಗೆಮನೆಯಲ್ಲಿ ಫ್ರಿಜ್ಜಿನ ಮೇಲೆ ಇಟ್ಟಿದ್ದೆ.

ಇನ್ನು ತಲೆ ತಿಂದ ವಿಷಯಕ್ಕೆ ಬರುತ್ತೇನೆ: ಪ್ಲಾಸ್ಟಿಕ್ ಸುರಂಗ. ಪಿವಿಸಿ ಪೈಪು ಬಗ್ಗಿಸಿ, ಮೇಲೆ ಪಾಲಿಥೀನ್ ಹೊದಿಸಿ, ಗ್ರೋ ಬ್ಯಾಗುಗಳ ಕಬ್ಬಿಣದ ಸ್ಟ್ಯಾಂಡನ್ನು ಒಳಗೆ ಸೇರಿಸಿ, ಕೆಳಗೂ ಹಾಳೆ ಮಡಚಿ ಬಿಗಿಯಾಗಿ ಮುಚ್ಚಿದೆ. ಹಗಲು ಬಾಗಿಲು ತೆರೆಯದಿದ್ದರೆ ಒಳಗೆ 38 ಡಿಗ್ರಿ. ಸರಿ, ಇಷ್ಟು ಶಾಖ ಹಿಡಿದರೆ ರಾತ್ರಿಗೆ ಚಿಂತೆಯಿಲ್ಲ ಎಂದುಕೊಂಡರೆ, ಬೆಳಗಿನ ಜಾವ ಹೊರಗಿನ ತಾಪಮಾಪಕ 13.4, ಒಳಗಿನದು 13.1! ಮಾಪಕಗಳನ್ನು ಅದಲುಬದಲು ಮಾಡಿ ನೋಡಿದೆ, ಮತ್ತೆ ಅದೇ ಕತೆ. ಮುಚ್ಚಿದ ಸುರಂಗ ತೆರೆದ ತಾರಸಿಗಿಂತ ತಣ್ಣಗಿತ್ತು.

ಕಾರಣ ಪಾಲಿಥೀನಿನ ಗುಣದಲ್ಲೇ ಇದೆ. ಗಾಜು ಗಿಡ ಮತ್ತು ಮಣ್ಣು ಹೊರಸೂಸುವ ಶಾಖವಿಕಿರಣವನ್ನು ತಡೆಯುತ್ತದೆ, ಸಾದಾ ಪಾಲಿಥೀನ್ ಅದರ ಬಹುಭಾಗವನ್ನು ಹೊರಗೆ ಬಿಟ್ಟುಬಿಡುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಎಲೆಗಳು ಹಾಳೆಯ ಮೂಲಕವೇ ಆಕಾಶಕ್ಕೆ ಶಾಖ ಕೊಟ್ಟುಬಿಡುತ್ತವೆ. ಹೊರಗಿನ ಗಾಳಿಯಾದರೂ ಬಂದು ಹೋಗಿ ಅಷ್ಟಿಷ್ಟು ಬೆಚ್ಚಗೆ ಮಾಡುತ್ತದೆ, ಸುರಂಗದೊಳಗೆ ಅದಕ್ಕೂ ದಾರಿಯಿಲ್ಲ. ಹಾಳೆಯ ಒಳಮೈಯಲ್ಲಿ ನೀರಹನಿ ಕಟ್ಟಿದ ರಾತ್ರಿಗಳಲ್ಲಿ ಮಾತ್ರ ಅರ್ಧ ಡಿಗ್ರಿ ಹೆಚ್ಚು ಸಿಗುತ್ತಿತ್ತು. ಪಾಲಿಥೀನ್ ಬಿಡುವ ಶಾಖವನ್ನು ನೀರಿನ ಪದರ ತಡೆಯುತ್ತದೆ.

ಇಲ್ಲಿ ಹಾಳೆ ಮಾರಿದವರ ಬಗ್ಗೆ ನಾಲ್ಕು ಮಾತು ಆಡದೆ ಮುಂದೆ ಹೋಗಲಾರೆ. 200 ಮೈಕ್ರಾನ್ (ಮಿಲಿಮೀಟರಿನ ಐದನೇ ಒಂದು ಭಾಗ) ದಪ್ಪ, ಯುವಿ ನಿರೋಧಕ ಎಂದು ಹೇಳಿ ಹಣ ಎಣಿಸಿಕೊಂಡರು. ಪಾಲಿಥೀನಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.92 ಗ್ರಾಂ. ಹಾಗಾಗಿ 200 ಮೈಕ್ರಾನಿನ ಒಂದು ಚದರ ಮೀಟರ್ ಹಾಳೆ 184 ಗ್ರಾಂ ತೂಗಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ನನ್ನದು 110 ಗ್ರಾಂ, ಎಂದರೆ ಸುಮಾರು 120 ಮೈಕ್ರಾನ್. ಕೇಳಿದರೆ "ಎಲ್ಲರೂ ಇದನ್ನೇ ಒಯ್ಯುತ್ತಾರೆ ಸಾರ್" ಎಂಬ ಉತ್ತರ. ಬೀಜದ್ದೂ ಇದೇ ಹಾಡು: ಸೌತೆ ಬೀಜ ಒಂದೊಂದಕ್ಕೂ ಬೆಲೆ ಕಟ್ಟುತ್ತಾರೆ, ಮರುಪೊಟ್ಟಣ ಮಾಡಿದ ಕವರಿನ ಮೇಲೆ ಲಾಟ್ ಸಂಖ್ಯೆಯೂ ಇಲ್ಲ, ಮೊಳಕೆ ಪ್ರಮಾಣವೂ ಇಲ್ಲ, ಪರೀಕ್ಷಿಸಿದ ದಿನಾಂಕವೂ ಇಲ್ಲ. ದಯವಿಟ್ಟು ಹಾಳೆಯನ್ನು ತೂಗಿಸಿ ಕೊಳ್ಳಿ, ಲೇಬಲ್ ಇಲ್ಲದ ಬೀಜವನ್ನು ಅಲ್ಲೇ ಬಿಟ್ಟು ಬನ್ನಿ.

ಶಾಖ ಕೂಡಿಡಲು ಮೊದಲು ನೀರಿನ ಕ್ಯಾನುಗಳನ್ನು ಹಿಡಿದೆ. ಕಪ್ಪು ಬಳಿದ 20 ಲೀಟರಿನ ಕ್ಯಾನು ರಾತ್ರಿಯಲ್ಲಿ 5 ಡಿಗ್ರಿ ತಣಿದರೆ ಬಿಟ್ಟುಕೊಡುವುದು 420 ಕಿಲೋಜೂಲ್, ಅಂದರೆ 60 ವಾಟಿನ ಬಲ್ಬು ಎರಡು ಗಂಟೆ ಉರಿದಷ್ಟು. ಪ್ರಯೋಜನವಿದೆ, ಆದರೆ ಕ್ಯಾನುಗಳು ಗಿಡದ ಜಾಗ ತಿನ್ನುತ್ತವೆ, ಒಂದಕ್ಕೊಂದು ನೆರಳು ಮಾಡುತ್ತವೆ.

ಹೀಗಿರುವಾಗ ಒಂದು ರಾತ್ರಿ ಹತ್ತು ಗಂಟೆಗೆ ಬರಿಗಾಲಿನಲ್ಲಿ ತಾರಸಿಗೆ ಹೋದೆ. ಮುಖಕ್ಕೆ ಚಳಿ ಹೊಡೆಯುತ್ತಿತ್ತು, ಅಂಗಾಲಿಗೆ ಮಾತ್ರ ಹಿತವಾದ ಬಿಸಿ. ಕಾಂಕ್ರೀಟು ದಿನದ ಬಿಸಿಲನ್ನು ಇನ್ನೂ ಹಿಡಿದುಕೊಂಡೇ ಇತ್ತು! ಒಂದು ಚದರ ಮೀಟರಿನ, 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಸುಮಾರು 240 ಕಿಲೋ ತೂಗುತ್ತದೆ. ಶಾಖ ಹಿಡಿಯುವುದರಲ್ಲಿ ಅದು 50 ಲೀಟರ್ ನೀರಿಗೆ ಸಮ. ಅಷ್ಟು ದೊಡ್ಡ ಒಲೆ ಪುಕ್ಕಟೆಯಾಗಿ ಕಾಲಡಿಯಲ್ಲೇ ಇದೆ. ನನ್ನ ಸುರಂಗವೋ ಸ್ಟ್ಯಾಂಡಿನ ಕೆಳಗೆ ಹಾಳೆ ಮಡಚಿಕೊಂಡು ಅದರಿಂದ ದೂರ ನಿಂತಿತ್ತು.

ಮರುದಿನವೇ ಕೆಳಗಿನ ಹಾಳೆ ಕತ್ತರಿಸಿ ತೆಗೆದೆ. ಸ್ಟ್ಯಾಂಡನ್ನು ನಾಲ್ಕು ಇಂಚಿಗೆ ಇಳಿಸಿದೆ, ಚೀಲದಿಂದ ಸೋರುವ ನೀರು ಹರಿದುಹೋಗಲು ಅಷ್ಟು ಸಾಕು. ಸುತ್ತಲಿನ ಹಾಳೆಯನ್ನು ನೆಲದವರೆಗೆ ಇಳಿಬಿಟ್ಟು ಅಂಚಿನ ಮೇಲೆ ಇಟ್ಟಿಗೆ ಹೇರಿದೆ. ರಾತ್ರಿ ಹಾಳೆಯ ಮೇಲೆ ಗೋಣಿತಾಟು ಹೊದಿಸಿದೆ, ಆಕಾಶಕ್ಕೆ ಹೋಗುವ ಶಾಖಕ್ಕೆ ಅಡ್ಡ ನಿಲ್ಲುವುದು ಅದೇ. ಬೆಳಗಿನ ಜಾವ ಹೊರಗೆ 13.2, ಒಳಗೆ 16.8. ಚೀಲದ ಮಣ್ಣಿಗೆ ಚುಚ್ಚಿದ ಮಾಪಕದಲ್ಲಿ 18.5. ಆ ಅಂಕಿ ನೋಡಿ ಮನೆಯವರನ್ನೆಲ್ಲ ಎಬ್ಬಿಸಿ ಮೇಲಕ್ಕೆ ಕರೆತಂದೆ.

ಜಾಗವನ್ನೂ ಬದಲಿಸಿದೆ. ಡಿಸೆಂಬರಿನಲ್ಲಿ ನಮ್ಮ ಸೂರ್ಯ ನಡುಮಧ್ಯಾಹ್ನವೂ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ದಕ್ಷಿಣದ ಮೂರಡಿ ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಆಗ ಎರಡಡಿಗೂ ಹೆಚ್ಚು ನೆರಳು. ಉತ್ತರದ ಗೋಡೆಯ ಒಳಮೈಗೆ ಹಗಲಿಡೀ ಬಿಸಿಲು ಬೀಳುತ್ತದೆ, ಸುರಂಗ ಈಗ ಅದಕ್ಕೆ ಒರಗಿದೆ. ಉತ್ತರ ಭಾರತದಲ್ಲಿ ನದೀಪಾತ್ರದ ಮರಳಿನಲ್ಲಿ ಚಳಿಗಾಲದಲ್ಲೇ ಸೌತೆ, ಕರ್ಬೂಜ ಬಿತ್ತುವ ರೈತರು ಸಾಲಿನ ಉತ್ತರ, ಪಶ್ಚಿಮಗಳಿಗೆ ಒಣಹುಲ್ಲಿನ ತಡಿಕೆ ಕಟ್ಟುವುದು ಇದೇ ಬಗೆಯ ತಿಳಿವಳಿಕೆಯಿಂದ. ನಮಗೆ ಗೋಡೆ ಕಟ್ಟಿಯೇ ಇದೆ.

ದಿನಚರಿ ಇಷ್ಟು: ಒಂಬತ್ತಕ್ಕೆ ಗೋಣಿತಾಟು ತೆಗೆದು ಎರಡೂ ತುದಿ ತೆರೆಯುವುದು, ನಾಲ್ಕರೊಳಗೆ ಮುಚ್ಚುವುದು. ಐದೂವರೆಗೆ ಮುಚ್ಚಿದರೆ ಶಾಖ ಆಗಲೇ ಹೊರಟುಹೋಗಿರುತ್ತದೆ. ನೀರು ಹನ್ನೊಂದರ ಮೇಲೆ ಮಾತ್ರ. ಮುಂಜಾನೆಯ ಟ್ಯಾಂಕಿನ ನೀರು ಬೇರಿಗೆ ಚಳಿಯನ್ನೇ ಸುರಿದಂತೆ. ತಾರಸಿಗೆ ಬಿಳಿ ತಂಪು ಬಣ್ಣ ಬಳಿಸಿದವರಿಗೆ ಕಾಂಕ್ರೀಟಿನ ಈ ಉಪಾಯ ಅಷ್ಟಾಗಿ ಒದಗದು, ಅವರು ಕ್ಯಾನುಗಳನ್ನೇ ನಂಬಬೇಕು.

ಬೂದಿ ರೋಗ ಮಾತ್ರ ಬಂದೇ ಬಂತು. ಅದಕ್ಕೆ ಎಲೆ ಒದ್ದೆಯಾಗಿರಬೇಕೆಂದಿಲ್ಲ, ಸುರಂಗದ ತೇವದ ಗಾಳಿಯೇ ಸಾಕು. ಕೆಳಗಿನ ಎಲೆಗಳನ್ನು ಚಿವುಟಿ ಗಾಳಿಯಾಡಲು ಬಿಟ್ಟಿದ್ದೇನೆ, ಸದ್ಯ ಮೇಲೇರಿಲ್ಲ. ಸೋರೆ, ಹೀರೆಗಳನ್ನು ಈ ವರ್ಷ ಕೈಬಿಟ್ಟೆ. ಅವುಗಳ ಹೂವು ಅರಳುವುದು ಸಂಜೆಗೆ, ನಾನು ಸುರಂಗ ಮುಚ್ಚಿದ ಮೇಲೆ. ದಿನವೂ ಒಳಗೆ ತೂರಿ ಕೈಯಿಂದಲೇ ಪರಾಗ ಮುಟ್ಟಿಸುವಷ್ಟು ಜಾಗವಿಲ್ಲ.

ಬರೆಯುವಾಗಲೇ ಮನಸ್ಸು ಮುಂದಿನದಕ್ಕೆ ಜಿಗಿದಿದೆ: ಸೌತೆಯನ್ನು ಕುಂಬಳದ ಬೇರಿಗೆ ಕಸಿ ಕಟ್ಟುವುದು. ಕುಂಬಳ ಜಾತಿಯ ಬೇರು ಸೌತೆಯ ಬೇರಿಗಿಂತ ತಣ್ಣನೆಯ ಮಣ್ಣನ್ನು ತಾಳಿಕೊಳ್ಳುತ್ತದೆ. ಜಪಾನ್, ಕೊರಿಯಾಗಳಲ್ಲಿ ಚಳಿಗಾಲದ ಸೌತೆ ಬಹುಪಾಲು ಕಸಿ ಸಸಿಯದ್ದೇ. ಎರಡೂ ಸಸಿಯ ಕಾಂಡದಲ್ಲಿ ಎದುರುಬದುರಾಗಿ ಓರೆ ಸೀಳು ಕೊಟ್ಟು, ಒಂದರ ನಾಲಿಗೆಯನ್ನು ಇನ್ನೊಂದರೊಳಗೆ ಕೂರಿಸಿ ಕ್ಲಿಪ್ ಹಾಕುವ ವಿಧಾನ ನಮ್ಮಂಥವರ ಕೈಗೆ ಸುಲಭ, ಗಾಯ ಕೂಡುವ ತನಕ ಎರಡು ಬೇರೂ ಸಸಿಯನ್ನು ಸಾಕುತ್ತವೆ. ಕುಂಬಳ ಬೇಗ ದಪ್ಪವಾಗುವುದರಿಂದ ಸೌತೆಯನ್ನು ನಾಲ್ಕೈದು ದಿನ ಮೊದಲೇ ಬಿತ್ತಬೇಕು. ಒಂದು ಸಲಕ್ಕೆ ಸಾವಿರಕ್ಕಿಂತ ಕಡಿಮೆ ಕ್ಲಿಪ್ಪುಗಳನ್ನು ಮಾರುವುದಿಲ್ಲ ಎನ್ನುತ್ತಿದ್ದಾರೆ. ಹಂಚಿಕೊಳ್ಳುವವರಿದ್ದರೆ ತಿಳಿಸಿ, ಸಂಕ್ರಾಂತಿ ಕಳೆದೊಡನೆ ತರಿಸಿ ನಿಮ್ಮ ಪಾಲು ಕಳುಹಿಸುತ್ತೇನೆ.