ಬಚ್ಚಲ ಮೇಲೆ ಬಂದು ನಿಂತ ಡ್ರೋನ್

19 ಜನವರಿ 2025, ಭಾನುವಾರ
ಸಕಲೇಶಪುರ

ಬೆಳಿಗ್ಗೆ ನಾನೂ ಅತ್ತೆಯೂ ಕಣದಲ್ಲಿ ಕಾಫಿ ಹರವುತ್ತಿದ್ದೆವು. ತಲೆ ಮೇಲೆ ಜೇನು ಎದ್ದ ಹಾಗೆ ಸದ್ದು. ನೋಡಿದರೆ ಡ್ರೋನ್. ಕಣ ದಾಟಿ, ತೋಟದ ಕೆಲಸದವರು ಇರುವ ಲೈನ್ ಮನೆಗಳ ಕಡೆ ಹೋಗಿ ಅಲ್ಲೇ ನಿಂತಿತು.

ಅಲ್ಲಿನ ಬಚ್ಚಲಿಗೆ ಸೂರಿಲ್ಲ. ಸುತ್ತ ತಗಡು, ಮೇಲೆ ಆಕಾಶ. ರಜೆ ದಿನ, ಒಬ್ಬಳು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಒದ್ದೆ ಸೀರೆ ಸುತ್ತಿಕೊಂಡು ಮನೆಯೊಳಗೆ ಓಡಿದವಳು ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ.

ಮಾವ, "ಯಾರೋ ಹೋಮ್‌ಸ್ಟೇಗೆ ಬಂದ ಹುಡುಗರು ತೋಟದ ವೀಡಿಯೊ ತೆಗೀತಿರ್ತಾರೆ, ಬಿಡಿ" ಎಂದರು. ಅತ್ತೆಗೆ ಸಿಟ್ಟು ಬಂತು. "ನಿಮ್ಮ ಬಚ್ಚಲಿಗೆ ಹೆಂಚಿದೆ, ಅದಕ್ಕೇ ಹಾಗಂತೀರಿ." ಅತ್ತೆ ಹೇಳಿದ್ದೇ ಸರಿ.

ಸಂಜೆ ಲೈನಿಗೆ ಹೋಗಿ ಕೂತೆ. ಅಲ್ಲಿ ಯಾರಿಗೂ ಡ್ರೋನ್ ಮೇಲೆ ದ್ವೇಷವಿಲ್ಲ. ಅರಣ್ಯ ಇಲಾಖೆಯವರು ಆನೆ ಹುಡುಕಲು ಡ್ರೋನ್ ಬಿಡುತ್ತಾರೆ. ಅದರ ಥರ್ಮಲ್ ಕ್ಯಾಮೆರಾಗೆ ಕತ್ತಲಲ್ಲೂ ಆನೆಯ ಮೈ ಶಾಖ ಕಾಣುತ್ತದೆ. "ಅದು ಬರಲಿ ಅಮ್ಮಾ, ನಮ್ ಜೀವ ಉಳಿಸುತ್ತೆ. ಇದು ಯಾರ್ದು, ಎಲ್ಲಿಗೆ ಹೋಗುತ್ತೆ ಆ ವೀಡಿಯೊ?" ಎಂದಳು ಬೆಳಿಗ್ಗೆ ಒಳಗೆ ಓಡಿದವಳ ಓರಗಿತ್ತಿ. ನನ್ನ ಹತ್ತಿರ ಉತ್ತರವಿರಲಿಲ್ಲ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ಡ್ರೋನ್ ಹಾರಿಸಲು ಪೈಲಟ್ ಲೈಸೆನ್ಸೂ ಬೇಡ. ದೊಡ್ಡದಕ್ಕೆ ನೋಂದಣಿ ನಂಬರ್ ಇದ್ದರೂ ಕೆಳಗಿನಿಂದ ಓದಲು ಆಗುತ್ತಾ? ಕದ್ದು ಹೆಂಗಸರ ಮೈ ಚಿತ್ರ ಹಿಡಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಇದೆ. ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು. ಆದರೆ ಹಾರಿಸಿದವನು ಸಿಗಬೇಕಲ್ವಾ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಲೈನಿನ ಹೆಂಗಸರಿಗೂ ಅದೇ ಹಕ್ಕು, ಒಂದಿಂಚೂ ಕಡಿಮೆಯಿಲ್ಲ.

ಪೊಲೀಸರಿಗೆ ದೂರು ಕೊಡೋಣ ಅಂದೆ. ಬಚ್ಚಲಲ್ಲಿದ್ದವಳು ಬೇಡ ಅಂದಳು. "ಊರೆಲ್ಲಾ ಅದೇ ಮಾತಾಗುತ್ತೆ ಅಮ್ಮಾ." ನಾನು ಒತ್ತಾಯ ಮಾಡಲಿಲ್ಲ.

ಆ ಬಚ್ಚಲಿಗೆ ಸೂರು ಹಾಕಿಸುವುದು ಇಷ್ಟು ವರ್ಷ ನಮ್ಮ ಕೈಯಲ್ಲೇ ಇತ್ತು. ರಾತ್ರಿ ಟಾರ್ಚ್ ಹಿಡಿದು ಅಳತೆ ತೆಗೆದುಕೊಂಡು ಬಂದೆ. ನಾಳೆ ಮಾವ ಪೇಟೆಯಿಂದ ತಗಡು ತರುತ್ತಾರೆ. ಅಲ್ಲಿಯವರೆಗೆ ಕಾಫಿ ಮುಚ್ಚುವ ಟಾರ್ಪಾಲು ಕಟ್ಟಿದ್ದೇವೆ. ಅತ್ತೆ ಬೆಳಿಗ್ಗೆ ಆ ಹೋಮ್‌ಸ್ಟೇಗೆ ಹೋಗಿ ಕೇಳುತ್ತಾರಂತೆ. ನಾನೂ ಜೊತೆಗೆ ಹೋಗುತ್ತೇನೆ.